ಕರ್ತೃಪದವಿಲ್ಲದ ಕೆಲಸ: ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಮಹಿಳೆಯರ ದಿನಚರಿಗಳನ್ನು ಓದುವ ಬಗೆ

ದಿನಚರಿ ಎಂಬ ಬರವಣಿಗೆಯನ್ನು ಸಾಹಿತ್ಯ ವಿಮರ್ಶೆಯು ಬಹುಕಾಲ ಎರಡೇ ಕಾರಣಗಳಿಗಾಗಿ ಓದುತ್ತ ಬಂದಿದೆ. ಬರೆದವರು ಪ್ರಸಿದ್ಧರಾಗಿರಬೇಕು, ಇಲ್ಲವೆ ಬರೆದ ಕಾಲ ಪ್ರಸಿದ್ಧವಾಗಿರಬೇಕು. ಇವೆರಡೂ ಇಲ್ಲದ ಕಡೆ ದಿನಚರಿಯು ಚರಿತ್ರಕಾರನ ಮೇಜಿನ ಮೇಲೆ ಕಚ್ಚಾ ಸಾಮಗ್ರಿಯಾಗಿ ಉಳಿಯುತ್ತದೆ; ವಿಮರ್ಶಕನ ಮೇಜಿಗೆ ಬರುವುದೇ ಇಲ್ಲ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಮನೆವಾರ್ತೆಯ ನಡುವೆ ಮಹಿಳೆಯರು ಬರೆದಿಟ್ಟ ದಿನಚರಿಗಳ ಪಾಡು ಬಹುಮಟ್ಟಿಗೆ ಇದೇ ಆಗಿತ್ತು. ಹವೆ ಹೇಗಿತ್ತು, ಯಾರು ಬಂದರು, ಯಾರು ಹೋದರು, ಎಷ್ಟು ಬೆಣ್ಣೆ ಕಡೆದದ್ದಾಯಿತು, ಯಾವ ಮಗುವಿಗೆ ಜ್ವರ, ಯಾವ ನೆರೆಮನೆಯಲ್ಲಿ ಸಾವು ಎಂಬ ವಿವರಗಳೇ ತುಂಬಿರುವ ಈ ಪುಸ್ತಕಗಳನ್ನು ಓದುವ ಬಗೆ ಯಾವುದು ಎಂಬ ಪ್ರಶ್ನೆ 1970ರ ದಶಕದಿಂದೀಚೆಗೆ ಗಂಭೀರವಾಗಿ ಎದ್ದಿದೆ. ಆ ಚರ್ಚೆಯ ಇತಿಹಾಸವನ್ನು ಪೂರ್ತಿಯಾಗಿ ನಿರೂಪಿಸುವ ಉದ್ದೇಶ ನಮಗಿಲ್ಲ. ಪ್ರಕಟವಾಗಿರುವ ಕೆಲವು ದಿನಚರಿಗಳನ್ನು ಎದುರಿಗಿಟ್ಟುಕೊಂಡು, ಅವುಗಳಲ್ಲಿ ಕೆಲಸವನ್ನು ಹೇಳುವ ವಾಕ್ಯ ಹೇಗಿರುತ್ತದೆ, ಆ ವಾಕ್ಯದಲ್ಲಿ ಕೆಲಸ ಮಾಡಿದವರು ಎಲ್ಲಿರುತ್ತಾರೆ ಎಂಬ ಒಂದೇ ಸಂಗತಿಯನ್ನು ಪರಿಶೀಲಿಸುವುದು ನಮ್ಮ ಉದ್ದೇಶ. ಈ ದಿನಚರಿಗಳನ್ನು ಕನ್ನಡಕ್ಕೆ ತರಲು ಹೊರಟರೆ ಮೊದಲ ಪುಟದಲ್ಲಿಯೇ ಎದುರಾಗುವ ವ್ಯಾಕರಣದ ತೊಡಕೊಂದು ನಮ್ಮನ್ನು ಈ ದಿಕ್ಕಿಗೆ ತಿರುಗಿಸಿತು.

ಮೊದಲು ಒಂದು ತಪ್ಪುಕಲ್ಪನೆಯನ್ನು ನಿವಾರಿಸಿಕೊಳ್ಳಬೇಕು. ದಿನಚರಿ ಎಂದರೆ ಗುಟ್ಟು, ಬೀಗ ಹಾಕಿದ ಪೆಟ್ಟಿಗೆಯೊಳಗಿನ ಮಾತು ಎಂಬ ಕಲ್ಪನೆ ನಮ್ಮಲ್ಲಿ ಬೇರೂರಿದೆ. ನಾವು ಚರ್ಚಿಸುತ್ತಿರುವ ಕಾಲದ ಅಮೆರಿಕದ ಮಟ್ಟಿಗೆ ಈ ಕಲ್ಪನೆ ತೀರ ತಡವಾಗಿ ಬಂದದ್ದು. 1985ರಲ್ಲಿ ಮಹಿಳೆಯರ ದಿನಚರಿಗಳ ಸಂಕಲನವೊಂದನ್ನು ಹೊರತಂದ ಮಾರ್ಗೊ ಕಲಿ ಅವರು ಇದನ್ನು ಸ್ಪಷ್ಟವಾಗಿ ತೋರಿಸಿದ್ದಾರೆ. ಶತಮಾನದ ಬಹುಭಾಗ ದಿನಚರಿಯು ಕುಟುಂಬದ ಸೊತ್ತು. ಹುಟ್ಟು, ಮದುವೆ, ಸಾವು, ವಲಸೆ ಇವುಗಳ ಲೆಕ್ಕವನ್ನು ಮನೆಯ ಹೆಂಗಸು ಇಡುತ್ತಿದ್ದಳು, ಮನೆಯವರು ಓದುತ್ತಿದ್ದರು, ದೂರದ ನೆಂಟರಿಗೆ ಅದನ್ನು ಕಳುಹಿಸುವುದೂ ಉಂಟು. ಲೂಯಿಸಾ ಮೇ ಆಲ್ಕಾಟ್ ಬಾಲ್ಯದಲ್ಲಿ ಬರೆದ ದಿನಚರಿಯನ್ನು ತಾಯಿ ಅಬಿಗೇಲ್ ಓದುತ್ತಿದ್ದಳು, ಅಲ್ಲಲ್ಲಿ ತನ್ನ ಕೈಯಿಂದಲೇ ಮಗಳಿಗೆ ಹಿತವಚನವನ್ನೂ ಬರೆಯುತ್ತಿದ್ದಳು. 1843ರಲ್ಲಿ ಆ ಕುಟುಂಬವು ಮ್ಯಾಸಚೂಸೆಟ್ಸ್‌ನ ಫ್ರೂಟ್‌ಲ್ಯಾಂಡ್ಸ್ ಎಂಬ ಆದರ್ಶ ಸಮುದಾಯದಲ್ಲಿ ನೆಲೆಸಿ ಸಂಕಟಪಡುತ್ತಿದ್ದಾಗ ಹತ್ತು ವರ್ಷದ ಹುಡುಗಿ ಬರೆದ ಪುಟಗಳನ್ನು ಓದುವಾಗ, ಅವು ತಂದೆತಾಯಿಯ ಕಣ್ಣಿಗೆ ಬೀಳಲಿವೆ ಎಂಬ ಅರಿವಿನಿಂದ ಬರೆದವೆಂಬುದನ್ನು ಮರೆಯುವಂತಿಲ್ಲ.

ಬರೆಯುವ ಪುಸ್ತಕದ ಆಕಾರವೂ ಬರಹವನ್ನು ನಿರ್ಧರಿಸಿತು. ಪಂಚಾಂಗದ ಹಾಳೆಗಳ ನಡುವೆ ಖಾಲಿ ಹಾಳೆ ಸೇರಿಸಿ ಹೊಲಿದು ಅದರಲ್ಲಿ ನಾಲ್ಕಾರು ಪದ ಗೀಚುವ ರೂಢಿ ಹಳೆಯದು. ಶತಮಾನದ ನಡುವಿಗೆ ಬಂದಾಗ ತಾರೀಖು ಅಚ್ಚಾದ ಜೇಬು ದಿನಚರಿಗಳು ಅಂಗಡಿಗಳಲ್ಲಿ ಅಗ್ಗವಾಗಿ ದೊರೆಯತೊಡಗಿದವು. ಒಂದು ದಿನಕ್ಕೆ ಕೆಲವೇ ಸಾಲುಗಳ ಜಾಗ. ಮಗು ಸತ್ತ ದಿನಕ್ಕೂ ಅಷ್ಟೇ, ಮಳೆ ಬಂದ ದಿನಕ್ಕೂ ಅಷ್ಟೇ. ಇಂಥ ಪುಸ್ತಕದಲ್ಲಿ ಭಾವನೆಯ ವಿಸ್ತಾರವನ್ನು ಹುಡುಕುವ ಓದುಗ ನಿರಾಶನಾದರೆ ತಪ್ಪು ಪುಸ್ತಕದ್ದಲ್ಲ.

ಈ ಪ್ರಕಾರದ ವಿಮರ್ಶೆಗೆ ತಿರುವು ಕೊಟ್ಟ ಕೃತಿ ಲಾರೆಲ್ ಥ್ಯಾಚರ್ ಉಲ್ರಿಕ್ ಅವರ 'ಎ ಮಿಡ್‌ವೈಫ್ಸ್ ಟೇಲ್'. 1990ರಲ್ಲಿ ಪ್ರಕಟವಾಗಿ 1991ರಲ್ಲಿ ಇತಿಹಾಸ ವಿಭಾಗದ ಪುಲಿಟ್ಜರ್ ಪಡೆದ ಈ ಗ್ರಂಥದ ಆಧಾರ ಮಾರ್ಥಾ ಬಾಲರ್ಡ್ ಎಂಬ ಸೂಲಗಿತ್ತಿಯ ದಿನಚರಿ. ಕೆನೆಬೆಕ್ ನದಿಯ ದಂಡೆಯ ಹ್ಯಾಲೊವೆಲ್ ಎಂಬ ಊರಿನಲ್ಲಿ, ಮೇನ್ ಪ್ರಾಂತ್ಯ ಇನ್ನೂ ಮ್ಯಾಸಚೂಸೆಟ್ಸ್‌ಗೆ ಸೇರಿದ್ದ ದಿನಗಳಲ್ಲಿ, ಆಕೆ 1785ರಿಂದ 1812ರವರೆಗೆ ಹೆಚ್ಚುಕಡಿಮೆ ಪ್ರತಿದಿನವೂ ಬರೆದಳು. ಕಾಲದ ದೃಷ್ಟಿಯಿಂದ ಇದು ಹತ್ತೊಂಬತ್ತನೆಯ ಶತಮಾನದ ಹೊಸ್ತಿಲಿನ ಮೇಲಿನ ಕೃತಿ. ಆದರೆ ಮುಂದಿನ ನೂರು ವರ್ಷಗಳ ದಿನಚರಿಗಳನ್ನು ಓದುವ ಕ್ರಮವನ್ನು ನಾವು ಕಲಿತದ್ದು ಇಲ್ಲಿಂದಲೇ. ದಿನಚರಿಯಲ್ಲಿ ದಾಖಲಾದ ಹೆರಿಗೆಗಳು 816. ಅಂಚಿನಲ್ಲಿ ಅವುಗಳ ಕ್ರಮಸಂಖ್ಯೆ, ಹಣ ಸಂದಾಯವಾದಾಗ ಅಡ್ಡಗೀಟಿನ ಗುರುತು. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಊರಿನ ಚರಿತ್ರೆ ಬರೆದವರು ಈ ದಿನಚರಿಯನ್ನು ನೋಡಿ ಸಾಮಾನ್ಯ ಓದುಗರಿಗೆ ಇದರಲ್ಲಿ ಹೆಚ್ಚಿನದೇನೂ ಇಲ್ಲವೆಂದು ಬದಿಗಿಟ್ಟಿದ್ದರು. ವಂಶಸ್ಥೆಯೂ ವೈದ್ಯೆಯೂ ಆದ ಮೇರಿ ಹೋಬರ್ಟ್ ಅವರ ಕೈಗೆ 1884ರಲ್ಲಿ ಬಂದ ಹಸ್ತಪ್ರತಿ 1930ರಲ್ಲಿ ಮೇನ್ ರಾಜ್ಯ ಗ್ರಂಥಾಲಯವನ್ನು ಸೇರಿತು. ಚರಿತ್ರಕಾರರಿಗೆ ಬೇಡವಾದದ್ದನ್ನು ಕಾಪಾಡಿದವಳು ಪೂರ್ವಜೆಯ ಕಸುಬಿಗೆ ಹತ್ತಿರದ ಕಸುಬಿನವಳು ಎಂಬುದು ಆಕಸ್ಮಿಕವಿರಲಾರದು.

ಉಲ್ರಿಕ್ ಅವರ ವಾದದ ತಿರುಳು ಇಷ್ಟು: ಈ ಬರಹದ ಶಕ್ತಿ ಇರುವುದು ಅದರ ಬೇಸರ ತರಿಸುವ ಪುನರಾವರ್ತನೆಯಲ್ಲಿಯೇ. ಒಂದು ದಿನದ ನಮೂದು ಏನನ್ನೂ ಹೇಳುವುದಿಲ್ಲ. ಸಾವಿರ ದಿನಗಳ ನಮೂದುಗಳು ಒಂದು ಅರ್ಥವ್ಯವಸ್ಥೆಯನ್ನೇ ಹೇಳುತ್ತವೆ. ಪಟ್ಟಣದ ಕಂದಾಯ ಪಟ್ಟಿ, ನ್ಯಾಯಾಲಯದ ಕಡತ, ವರ್ತಕರ ಲೆಕ್ಕಪುಸ್ತಕ ಇವುಗಳಲ್ಲಿ ಕಾಣುವುದು ಬಹುಪಾಲು ಗಂಡಸರ ವ್ಯವಹಾರ. ನೂಲು ತೆಗೆಯುವುದು, ಮಗ್ಗ ಹೂಡುವುದು, ನೆರೆಮನೆಯ ಹೆಣ್ಣುಮಗಳಿಂದ ಸಾಲ ತಂದ ಹಣಿಗೆಯನ್ನು ಹಿಂದಿರುಗಿಸುವುದು, ಔಷಧದ ಸೊಪ್ಪಿಗೆ ಬದಲಾಗಿ ಬಂದ ಚಹಾಪುಡಿ, ಹೀಗೆ ಹೆಂಗಸರ ನಡುವೆ ನಡೆದ ಕೊಡುಕೊಳೆ ಅಲ್ಲಿ ಇಲ್ಲ. ದಿನಚರಿಯಿಲ್ಲದಿದ್ದರೆ ಅಂಥದೊಂದು ಲೋಕ ಇತ್ತೆಂಬುದಕ್ಕೆ ಸಾಕ್ಷಿಯೇ ಇರುತ್ತಿರಲಿಲ್ಲ.

ಈ ಗ್ರಂಥವನ್ನು ನಾವು ಗೌರವದಿಂದ ಓದಿದ್ದೇವೆ. ಆದರೂ ಒಂದು ಮಾತು ಹೇಳಬೇಕಾಗಿದೆ. ಪುಸ್ತಕದ ಅಧ್ಯಾಯಗಳು ದಿನಚರಿಯ ಆಯ್ದ ತುಣುಕಿನಿಂದ ಆರಂಭವಾಗಿ ಪ್ರಬಂಧವಾಗಿ ಬೆಳೆಯುತ್ತವೆ. ಹಾಗೆ ಆಯ್ದ ತುಣುಕುಗಳ ಸುತ್ತ ಬೆಳೆಯುವ ಕಥನದಲ್ಲಿ ಮೇಲೆ ಬರುವುದು ಘಟನೆಗಳೇ: ಪಾದ್ರಿಯ ಹೆಂಡತಿಯೊಬ್ಬಳು ನ್ಯಾಯಾಧೀಶನ ಮೇಲೆ ಹೊರಿಸಿದ ಅತ್ಯಾಚಾರದ ಆರೋಪ, ಸಾಲಕ್ಕಾಗಿ ಗಂಡ ಎಫ್ರೈಮ್ ಸೆರೆಮನೆ ಸೇರಿದ್ದು, 1806ರಲ್ಲಿ ನೆರೆಯವನೊಬ್ಬ ತನ್ನ ಹೆಂಡತಿ ಮಕ್ಕಳನ್ನು ಕೊಂದದ್ದು. ದೈನಂದಿನತೆಯನ್ನು ಎತ್ತಿಹಿಡಿಯಲು ಹೊರಟ ಗ್ರಂಥವೂ ಓದುಗನನ್ನು ಹಿಡಿದಿಡಲು ಘಟನೆಯ ನೆರವು ಪಡೆಯಿತು. ಇದು ಲೇಖಕಿಯ ದೋಷವೆನ್ನುವುದಕ್ಕಿಂತ ಗ್ರಂಥ ಎಂಬ ಪ್ರಕಾರದ ಒತ್ತಡವೆನ್ನಬೇಕು. 2002ರಲ್ಲಿ ಜೆನಿಫರ್ ಸಿನಾರ್ ಅವರು ಆನಿ ರೇ ಎಂಬ ಡಕೋಟಾ ಪ್ರಾಂತ್ಯದ ಗೃಹಿಣಿಯ ದಿನಚರಿಯನ್ನು ಕುರಿತು ಬರೆಯುವಾಗ ಈ ಒತ್ತಡವನ್ನೇ ಪ್ರಶ್ನಿಸಿದರು. ಸಾಮಾನ್ಯ ಬರಹವನ್ನು ಕಥೆಯನ್ನಾಗಿ ತಿದ್ದದೆ ಸಾಮಾನ್ಯ ಬರಹವಾಗಿಯೇ ಓದಬೇಕೆಂಬುದು ಅವರ ನಿಲುವು. ನಿಲುವು ಸರಿ, ಹಾಗೆ ಓದುವುದು ಹೇಗೆಂಬುದು ಮಾತ್ರ ಕಷ್ಟ. ನಮ್ಮ ಸಲಹೆಯೆಂದರೆ ಘಟನೆಯನ್ನು ಬಿಟ್ಟು ಕ್ರಿಯಾಪದವನ್ನು ಹಿಡಿಯಬೇಕು.

ಸೋಮವಾರ ಬಟ್ಟೆ ಒಗೆಯುವುದು, ಮಂಗಳವಾರ ಇಸ್ತ್ರಿ ಮಾಡುವುದು ಆ ಕಾಲದ ಅಮೆರಿಕದ ಮನೆಗಳ ವಾರದ ಕ್ರಮ. ವರ್ಷಗಟ್ಟಲೆ ದಿನಚರಿಗಳಲ್ಲಿ ಸೋಮವಾರದ ಎದುರು ಒಂದೇ ಪದ ಇರುವುದುಂಟು. ಆ ಪದದೊಳಗೆ ಏನಿದೆ? ಸೂಸನ್ ಸ್ಟ್ರಾಸರ್ ಅವರು 1982ರ ತಮ್ಮ 'ನೆವರ್ ಡನ್' ಗ್ರಂಥದಲ್ಲಿ ಕೊಟ್ಟ ಲೆಕ್ಕದಂತೆ ಒಂದು ಒಗೆತ, ಒಂದು ಕುದಿತ, ಒಂದು ಜಾಲಾಟಕ್ಕೆ ಸುಮಾರು 50 ಗ್ಯಾಲನ್ ನೀರು ಬೇಕು. ಅಂದರೆ ಸುಮಾರು 190 ಲೀಟರ್. ತೂಕದಲ್ಲಿ 400 ಪೌಂಡು. ನಲ್ಲಿಯಿಲ್ಲದ ಮನೆಯಲ್ಲಿ ಬಾವಿಯಿಂದಲೋ ತೊರೆಯಿಂದಲೋ ಅದನ್ನು ಹೊರಬೇಕು. ಒಲೆಗೆ ಸೌದೆ ಒಟ್ಟಬೇಕು. ಬೂದಿಯ ಕ್ಷಾರ ಮತ್ತು ಕೊಬ್ಬಿನಿಂದ ಮೊದಲೇ ಸಾಬೂನು ಕಾಯಿಸಿ ಇಟ್ಟಿರಬೇಕು. ಕುದಿಯುವ ಹಂಡೆಯಿಂದ ಕೋಲಿನಲ್ಲಿ ಬಟ್ಟೆಯೆತ್ತಿ ಹಿಂಡಬೇಕು. ಇಷ್ಟೂ ಆ ಒಂದು ಪದದಲ್ಲಿ ಅಡಗಿದೆ. ಓದುಗನಿಗೆ ಅದು ಖಾಲಿಯಾಗಿ ಕಂಡರೆ ಕಾರಣ ಅವನು ನೀರು ಹೊತ್ತವನಲ್ಲ.

ತೊಡಕಿರುವುದು ಇಲ್ಲಿಯೇ. ದಿನಚರಿಯ ಇಂಗ್ಲಿಷಿನಲ್ಲಿ ಉತ್ತಮಪುರುಷ ಸರ್ವನಾಮವನ್ನು ಬಿಟ್ಟು ಬರೆಯುವುದು ರೂಢಿ. ಆ ಭಾಷೆಯ ಭೂತಕಾಲದ ಕ್ರಿಯಾಪದಕ್ಕೆ ಪುರುಷವಾಚಕ ಪ್ರತ್ಯಯವಿಲ್ಲ. ಹೀಗಾಗಿ ಒಗೆದ ಸಂಗತಿ ತಿಳಿಯುತ್ತದೆ. ಒಗೆದವರು ಬರೆದವಳೋ, ಮಗಳೋ, ಕೂಲಿಯ ಹುಡುಗಿಯೋ ಅಥವಾ ಎಲ್ಲರೂ ಸೇರಿಯೋ ಎಂಬುದು ಹಲವೆಡೆ ತಿಳಿಯುವುದಿಲ್ಲ. ಓದುಗ ಸಹಜವಾಗಿಯೇ 'ನಾನು' ಎಂದು ತುಂಬಿಕೊಳ್ಳುತ್ತಾನೆ, ಬರೆದವಳ ಶ್ರಮಕ್ಕೆ ಮರುಗುತ್ತಾನೆ. ಕೈ ಬೇರೆಯವರದಾಗಿದ್ದರೆ ಮರುಕ ತಪ್ಪು ವಿಳಾಸಕ್ಕೆ ಹೋಯಿತು.

ಕನ್ನಡದಲ್ಲಿ ಈ ಮರೆ ಸುಲಭವಲ್ಲ. ನಮ್ಮ ಭಾಷೆಯಲ್ಲಿಯೂ ಸರ್ವನಾಮವನ್ನು ಧಾರಾಳವಾಗಿ ಬಿಡುತ್ತೇವೆ; ಆದರೆ ಆಖ್ಯಾತ ಪ್ರತ್ಯಯ ಬಿಡುವುದಿಲ್ಲ. ಒಗೆದೆನು, ಒಗೆದೆವು, ಒಗೆದಳು, ಒಗೆದರು ಎಂಬ ನಾಲ್ಕರಲ್ಲಿ ಒಂದನ್ನು ಅನುವಾದಕ ಆರಿಸಲೇಬೇಕು. ಇಷ್ಟಕ್ಕೇ ಮುಗಿಯಲಿಲ್ಲ, 'ಒಗೆಸಿದೆನು' ಎಂಬ ಪ್ರೇರಣಾರ್ಥಕ ರೂಪವೊಂದು ಕಾದು ಕುಳಿತಿದೆ. ಇಂಗ್ಲಿಷಿನಲ್ಲಿ ಈ ಅರ್ಥವನ್ನು ಹೇಳಲು ವಾಕ್ಯವನ್ನೇ ಬೇರೆ ಮಾಡಬೇಕು, ಆದ್ದರಿಂದ ಹೇಳದೆ ಬಿಡುವುದು ಸುಲಭ. ಕನ್ನಡದಲ್ಲಿ ಒಂದು ಅಕ್ಷರ ಸಾಕು. ನಮ್ಮ ಶಾಸನಗಳ ಭಾಷೆ ಈ ವಿಷಯದಲ್ಲಿ ನಿಷ್ಠುರವಾದದ್ದು: ದಾನಿಯಾದವನು ಕೆರೆಯನ್ನು ಕಟ್ಟಿದನೆಂದು ಬರೆಯುವುದಿಲ್ಲ, ಕಟ್ಟಿಸಿದನೆಂದು ಬರೆಯುತ್ತದೆ, ಶ್ರವಣಬೆಳಗೊಳದ ಬೃಹನ್ಮೂರ್ತಿಯ ಪಾದದ ಬಳಿಯ ಬರಹವೂ ಚಾವುಂಡರಾಯ ಅದನ್ನು ಮಾಡಿಸಿದನೆಂದೇ ಹೇಳುತ್ತದೆ. ಶಿಲ್ಪಿಯ ಹೆಸರಿಲ್ಲದಿದ್ದರೂ ಶಿಲ್ಪಿ ಬೇರೆ, ಒಡೆಯ ಬೇರೆ ಎಂಬುದು ಕ್ರಿಯಾಪದದಲ್ಲಿಯೇ ಉಳಿದಿದೆ. ಹಾಗೆಂದು ಕನ್ನಡಕ್ಕೆ ಮರೆಮಾಚುವ ಉಪಾಯ ತಿಳಿಯದೆಂದಲ್ಲ. 'ಅಡುಗೆ ಆಯಿತು', 'ಒಗೆತ ಆಯಿತು' ಎಂದು ನಿತ್ಯವೂ ನಮ್ಮ ಮನೆಗಳಲ್ಲಿ ಹೇಳುತ್ತೇವೆ. ಅಡುಗೆ ತಾನಾಗಿಯೇ ಆಗಿ ಒಲೆಯಿಂದ ಇಳಿಯಿತೇನೋ ಎಂಬಂತೆ. ಅನುವಾದಕನಿಗೆ 'ಆಯಿತು' ಬಲು ಆಕರ್ಷಕ. ಇಂಗ್ಲಿಷಿನ ಅಸ್ಪಷ್ಟತೆಯನ್ನು ಅದು ಹಾಗೆಯೇ ಉಳಿಸಿಕೊಳ್ಳುತ್ತದೆ, ಕಿವಿಗೂ ಸಹಜ. ಆದರೆ ಎಲ್ಲ ಕಡೆಯೂ ಅದನ್ನೇ ಬಳಸಿದರೆ ಬರೆದವಳು ಗೊತ್ತಿದ್ದೂ ಹೇಳದೆ ಬಿಟ್ಟದ್ದಕ್ಕೂ, ಹೇಳುವ ಅಗತ್ಯವಿಲ್ಲವೆಂದು ಬಿಟ್ಟದ್ದಕ್ಕೂ ಭೇದ ಅಳಿಸಿಹೋಗುತ್ತದೆ.

ಬಾಲರ್ಡ್ ಈ ಪರೀಕ್ಷೆಯಲ್ಲಿ ಅನೇಕರಿಗಿಂತ ಚೆನ್ನಾಗಿ ನಿಲ್ಲುತ್ತಾಳೆ. ಹೆಣ್ಣುಮಕ್ಕಳು ಒಗೆದಿದ್ದರೆ ಹೆಣ್ಣುಮಕ್ಕಳು ಎಂದೇ ಬರೆಯುತ್ತಾಳೆ. ಮನೆಯಲ್ಲಿ ಕೈನೆರವಿಗಿದ್ದ ಹುಡುಗಿಯರ ಹೆಸರು ಹೇಳುತ್ತಾಳೆ. ಅವರು ನೆರೆಹೊರೆಯ ಮಕ್ಕಳು, ನಾಳೆ ಮದುವೆಯಾಗಿ ಇವಳಂತೆಯೇ ಗೃಹಿಣಿಯರಾಗುವವರು. ಮಗಳು ಹ್ಯಾನಾಗೆ 1792ರಲ್ಲಿ, ಡಾಲಿಗೆ 1795ರಲ್ಲಿ ಮದುವೆಯಾದ ಮೇಲೆ ಮನೆಯ ಕೆಲಸವೆಲ್ಲ ಅರವತ್ತರ ಹೆಂಗಸಿನ ಮೇಲೆ ಬಿದ್ದು, ಹೆರಿಗೆ ಮಾಡಿಸಿ ರಾತ್ರಿ ಹಿಂದಿರುಗಿದವಳು ಮನೆಗೆಲಸವನ್ನೇ ಶತ್ರುವೆಂಬಂತೆ ಕಾಣುವ ನಮೂದುಗಳು ಬರುತ್ತವೆ. ಕರ್ತೃಪದ ಬದಲಾದದ್ದರಿಂದಲೇ ಈ ಬದುಕಿನ ತಿರುವು ನಮಗೆ ಗೊತ್ತಾಗುತ್ತದೆ. ಅದನ್ನು ಆಕೆ ಬೇರೆ ಮಾತಿನಲ್ಲಿ ವಿವರಿಸಬೇಕಾಗಿ ಬರಲಿಲ್ಲ. ಮುಂದೆ ಉತ್ತರದ ಪಟ್ಟಣಗಳಲ್ಲಿ ಕೈನೆರವಿನ ನೆರೆಹುಡುಗಿಯ ಜಾಗಕ್ಕೆ ಐರ್ಲೆಂಡಿನಿಂದ ವಲಸೆ ಬಂದ ಸಂಬಳದ ಕೆಲಸದವಳು ಬಂದಳು. ಅವಳು ಆ ಮನೆಯಲ್ಲಿ ಮುಂದೆಂದೂ ಸರೀಕಳಾಗುವವಳಲ್ಲ. ಫೇ ಡಡೆನ್ ಅವರು 1983ರಲ್ಲಿ ಈ ಸ್ಥಿತ್ಯಂತರವನ್ನು ವಿಸ್ತಾರವಾಗಿ ಬರೆದಿರುವುದರಿಂದ ನಾವು ಮುಂದುವರಿಯಬಹುದು.

ದಕ್ಷಿಣದ ತೋಟದೊಡತಿಯರ ದಿನಚರಿಗಳಲ್ಲಿ ಸಮಸ್ಯೆ ಬೇರೆಯದೇ ರೂಪ ತಾಳುತ್ತದೆ. ಜಾರ್ಜಿಯಾದ ಎಲ್ಲಾ ಗರ್ಟ್ರೂಡ್ ಕ್ಲಾಂಟನ್ ಥಾಮಸ್ 1848ರಿಂದ 1889ರವರೆಗೆ, ನಲವತ್ತೊಂದು ವರ್ಷ, ದಿನಚರಿ ಬರೆದಳು. ಸಿರಿವಂತ ತೋಟಗಾರನ ಮಗಳು, ಕಾಲೇಜು ಓದಿದವಳು. ಇವಳ ಬರಹದಲ್ಲಿ ಸಂಕ್ಷೇಪವಿಲ್ಲ, ಪೂರ್ಣ ವಾಕ್ಯಗಳ ಧಾರಾಳವಿದೆ. ಹಸ್ತಪ್ರತಿ ಡ್ಯೂಕ್ ವಿಶ್ವವಿದ್ಯಾಲಯದಲ್ಲಿದೆ. ವಂಶಸ್ಥೆ ವರ್ಜಿನಿಯಾ ಇಂಗ್ರಹಾಮ್ ಬರ್ ಅವರ ಸಂಪಾದನೆ 1990ರಲ್ಲಿ 'ದ ಸೀಕ್ರೆಟ್ ಐ' ಎಂಬ ಹೆಸರಿನಿಂದ ಹೊರಬಂದಿತು. ಯುದ್ಧಪೂರ್ವದ ಪುಟಗಳಲ್ಲಿ ಮನೆಗೆಲಸ ಬಹುಮಟ್ಟಿಗೆ ಕಾಣುವುದೇ ಇಲ್ಲ. ಊಟ ಬರುತ್ತದೆ, ಉಡುಪು ಸಿದ್ಧವಾಗುತ್ತದೆ, ಮಕ್ಕಳು ಮಲಗುತ್ತಾರೆ. ಇವೆಲ್ಲವನ್ನು ಮಾಡುತ್ತಿದ್ದವರು ಗುಲಾಮರು. ದಕ್ಷಿಣದ ಹಲವು ರಾಜ್ಯಗಳಲ್ಲಿ ಅವರಿಗೆ ಅಕ್ಷರ ಕಲಿಸುವುದನ್ನೇ ಕಾನೂನು ನಿಷೇಧಿಸಿತ್ತು. ಆ ಹೆಂಗಸರು ತಮ್ಮ ದಿನವನ್ನು ತಾವು ಬರೆದಿಡುವ ಮಾತು ದೂರ. ಒಡತಿಯ ದಿನಚರಿಯಲ್ಲಿ ಅವರಿಗೆ ಕ್ರಿಯಾಪದವೂ ದೊರೆಯಲಿಲ್ಲ.

1865ರ ಬೇಸಗೆಯ ಪುಟಗಳು ಈ ದೃಷ್ಟಿಯಿಂದ ಅಸಾಧಾರಣವಾದವು. ಯುದ್ಧ ಮುಗಿದು ಬಿಡುಗಡೆಯ ಸುದ್ದಿ ಬಂದಾಗ ಮನೆಯ ಆಳುಗಳು ಒಬ್ಬೊಬ್ಬರಾಗಿ ಹೊರಟುಹೋಗುತ್ತಾರೆ. ಯಾರು ಹೋದರು, ಯಾವಾಗ ಹೋದರು, ಹೇಳಿ ಹೋದರೋ ಹೇಳದೆ ಹೋದರೋ ಎಂಬುದನ್ನು ಗರ್ಟ್ರೂಡ್ ಹೆಸರು ಹಿಡಿದು ಬರೆಯುತ್ತಾಳೆ. ಇದ್ದಾಗ ಕಾಣದ ಹೆಸರುಗಳು ಹೋದಾಗ ಕಾಣುತ್ತವೆ. ಬೆಳಗಿನ ತಿಂಡಿಯ ಪಾತ್ರೆ ಒರೆಸಲು ತಾನೇ ಕೈಹಾಕಿದ್ದನ್ನು ಜೀವಮಾನದಲ್ಲಿ ಒಂದೆರಡು ಸಲ ಮಾತ್ರ ಮಾಡಿದ ಕೆಲಸವೆಂಬ ಟಿಪ್ಪಣಿಯೊಂದಿಗೆ ದಾಖಲಿಸುತ್ತಾಳೆ. ಆ ವಾಕ್ಯದಲ್ಲಿ ಉತ್ತಮಪುರುಷ ಏಕವಚನ ಅಚ್ಚರಿಯಿಂದ ತನ್ನನ್ನೇ ನೋಡಿಕೊಳ್ಳುತ್ತಿದೆ. ಅಮೆರಿಕದ ಅಂತರ್ಯುದ್ಧದ ಪರಿಣಾಮವನ್ನು ವಿವರಿಸುವ ಗ್ರಂಥಗಳಿಗೆ ಕೊರತೆಯಿಲ್ಲ. ಒಂದು ಅಡುಗೆಮನೆಯ ಕ್ರಿಯಾಪದಕ್ಕೆ ಕರ್ತೃಪದ ಬಂದ ದಿನವನ್ನು ತಾರೀಖು ಸಮೇತ ತೋರಿಸಬಲ್ಲ ದಾಖಲೆ ವಿರಳ. ಇದೇ ಗರ್ಟ್ರೂಡ್ ಸಾಲಕ್ಕೆ ಸಿಕ್ಕು ಆಸ್ತಿ ಕರಗಿದ ಮೇಲೆ ಶಾಲೆಯಲ್ಲಿ ಪಾಠ ಹೇಳಿ ಸಂಸಾರ ತೂಗಿಸಿದಳು, ಮುಂದೆ ಜಾರ್ಜಿಯಾದ ಮಹಿಳಾ ಮತಾಧಿಕಾರ ಸಂಘದ ಅಧ್ಯಕ್ಷೆಯೂ ಆದಳು. ಆ ಸಾಧನೆ ದೊಡ್ಡದು. ನಮಗೆ ಪಾತ್ರೆ ಒರೆಸಿದ ನಮೂದೇ ಹೆಚ್ಚು ಕಾಡುತ್ತದೆ.

ದಕ್ಷಿಣದ ದಿನಚರಿಯೆಂದರೆ ಎಲ್ಲರೂ ಮೊದಲು ಹೆಸರಿಸುವ ಮೇರಿ ಚೆಸ್ನಟ್‌ಳನ್ನು ನಾವು ಬೇಕೆಂದೇ ಹಿಂದಿಟ್ಟಿದ್ದೇವೆ. 1860ರ ದಶಕದಲ್ಲಿ ಬರೆದುದನ್ನು ಆಕೆ 1880ರ ದಶಕದಲ್ಲಿ ದಿನಚರಿಯ ರೂಪ ಉಳಿಸಿಕೊಂಡೇ ಮತ್ತೆ ಬರೆದಳು; 1905ರಲ್ಲಿ ಮೊದಲು ಪ್ರಕಟವಾದದ್ದು ಆ ತಿದ್ದಿದ ಪಾಠವೇ. ವ್ಯಾನ್ ವುಡ್‌ವರ್ಡ್ ಅವರ 1981ರ ಪರಿಷ್ಕರಣ ಈ ಪದರಗಳನ್ನು ಬಿಡಿಸಿ ತೋರಿಸಿ ಮರುವರ್ಷ ಪುಲಿಟ್ಜರ್ ಪಡೆಯಿತು. ಕೃತಿ ಚತುರವಾಗಿದೆ, ರುಚಿಕರವಾಗಿದೆ. ಆದರೆ ಇಪ್ಪತ್ತು ವರ್ಷಗಳ ಅನಂತರದ ಕೈ ಕೂಡಿಕೊಂಡ ಬರಹವನ್ನು ದಿನಚರಿಯ ಅತ್ಯುತ್ತಮ ಮಾದರಿಯೆಂದು ಸಾಹಿತ್ಯಲೋಕ ಎತ್ತಿಹಿಡಿದದ್ದು, ದಿನಚರಿಯು ದಿನಚರಿಯಂತಿರಬಾರದು ಎಂದು ಆಶಿಸಿದಂತಾಯಿತು.

ಹೇಳದೆ ಬಿಟ್ಟದ್ದರ ಪ್ರಶ್ನೆಗೆ ಮರಳೋಣ. ಅಮೀಲಿಯಾ ಸ್ಟುವರ್ಟ್ ನೈಟ್ ಎಂಬಾಕೆ 1853ರ ಏಪ್ರಿಲಿನಲ್ಲಿ ಗಂಡ ಮತ್ತು ಏಳು ಮಕ್ಕಳೊಡನೆ ಅಯೋವಾದಿಂದ ಎತ್ತಿನ ಬಂಡಿಗಳಲ್ಲಿ ಹೊರಟು ಸೆಪ್ಟೆಂಬರಿನಲ್ಲಿ ಆರೆಗಾನ್ ತಲುಪಿದಳು. ಮಳೆ, ಕೆಸರು, ಧೂಳು, ಹುಲ್ಲು ಸಿಗದ ದನಗಳು, ನದಿ ದಾಟುವ ಕಷ್ಟ, ಬಂಡಿಯಡಿ ಬಿದ್ದರೂ ಬದುಕಿದ ಮಗ, ಒಂದು ತಂಗುದಾಣದಲ್ಲಿ ಮರೆತು ಬಿಟ್ಟು ಬಂದು ಹಿಂದಿನ ಬಂಡಿಯವರು ಕರೆತಂದ ಮಗಳು ಲೂಸಿ, ಎಲ್ಲವೂ ದಿನಚರಿಯಲ್ಲಿವೆ. ಆಗಾಗ ಮೈ ಸರಿಯಿಲ್ಲವೆಂಬ ಮಾತೂ ಇದೆ. ಆಕೆ ಗರ್ಭಿಣಿಯಾಗಿದ್ದಳೆಂಬುದು ಮಾತ್ರ ಕೊನೆಯವರೆಗೆ ಇಲ್ಲ. ಪಯಣದ ಕೊನೆಯಲ್ಲಿ ಎಂಟನೆಯ ಮಗು ಹುಟ್ಟಿದ ಸುದ್ದಿ ಒಮ್ಮೆಲೇ ಬರುತ್ತದೆ. ಪಶ್ಚಿಮದ ವಲಸೆಯ ಮಹಿಳೆಯರ ದಿನಚರಿಗಳನ್ನು 1982ರಲ್ಲಿ ಸಂಪಾದಿಸಿದ ಲಿಲಿಯನ್ ಶ್ಲಿಸೆಲ್ ಅವರು ಈ ಮೌನದತ್ತ ಎಲ್ಲರ ಗಮನ ಸೆಳೆದರು. ಅಂದಿನಿಂದ ಇದನ್ನು ಆ ಕಾಲದ ಲಜ್ಜೆ, ಹೆಣ್ಣಿನ ದೇಹದ ಬಗೆಗಿನ ಸಂಕೋಚ ಎಂದು ವಿವರಿಸುವುದು ವಾಡಿಕೆಯಾಗಿದೆ.

ಈ ವಿವರಣೆ ನಮಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ದಿನಚರಿ ಕುಟುಂಬದ ಪುಸ್ತಕವೆಂದು ಆರಂಭದಲ್ಲಿಯೇ ಕಂಡೆವು. ಅದರ ಮೊದಲ ಓದುಗರು ಅದೇ ಬಂಡಿಯಲ್ಲಿ ಕುಳಿತಿದ್ದರು. ಅವರಿಗೆ ಗೊತ್ತಿರುವುದನ್ನು ಬರೆಯುವ ಅಗತ್ಯ ಬರೆಯುವವಳಿಗೆ ತೋರಲಿಲ್ಲವೆಂದರೂ ಮೌನಕ್ಕೆ ಕಾರಣ ಸಿಗುತ್ತದೆ. ಇಲ್ಲಿ ನಮ್ಮ ನೆರೆಭಾಷೆಗಳು ಕನ್ನಡಕ್ಕಿಂತ ಹೆಚ್ಚು ಸೂಕ್ಷ್ಮವಾಗಿವೆ. ತಮಿಳು, ತೆಲುಗು, ಮರಾಠಿಗಳಲ್ಲಿ ಕೇಳುಗನನ್ನು ಒಳಗೊಂಡ 'ನಾವು' ಬೇರೆ, ಹೊರಗಿಟ್ಟ 'ನಾವು' ಬೇರೆ. ಇಂದಿನ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಒಂದೇ. ಚೆನ್ನೈ, ಹೈದರಾಬಾದ್, ಪುಣೆಗಳಲ್ಲಿ ಕೆಲಸ ಮಾಡುವ ನಮ್ಮ ಸಂಶೋಧಕರು ಈ ಭೇದವನ್ನು ಪ್ರತಿದಿನ ಕಿವಿಯಿಂದ ಬಲ್ಲರು. ನೈಟ್‌ಳ ದಿನಚರಿಯನ್ನು ತಮಿಳಿಗೆ ತರುವವರು 'ನದಿ ದಾಟಿದೆವು' ಎಂಬಂಥ ಮಾತಿಗೆ ಯಾವ 'ನಾವು' ಆರಿಸುವರು? ಓದುಗರೂ ದಾಟಿದವರೇ ಆಗಿದ್ದರೆ ಒಂದು, ಆರೆಗಾನಿನ ಸಂಗತಿ ತಿಳಿಯದ ನೆಂಟರಾಗಿದ್ದರೆ ಇನ್ನೊಂದು. ಆ ಆಯ್ಕೆಯ ಮೇಲೆ ಮೌನದ ಅರ್ಥವೂ ನಿಲ್ಲುತ್ತದೆ. ಪ್ರಸಂಗವಶಾತ್ ಇನ್ನೊಂದು ಮಾತು: ಮಹಿಳೆಯರು ಒಲ್ಲದ ಮನಸ್ಸಿನಿಂದಲೇ ಪಶ್ಚಿಮಕ್ಕೆ ಹೋದರೆಂಬ ಶ್ಲಿಸೆಲ್ ಅವರ ಒಟ್ಟು ಚಿತ್ರಣವೂ ಏಕರೂಪದ್ದಾಯಿತು. ಅದೇ 1982ರಲ್ಲಿ ಸಾಂಡ್ರಾ ಮೈರಿಸ್ ಅವರು ಬರೆದ ಗ್ರಂಥದ ವಲಸೆಗಾರ್ತಿಯರಿಗೆ ಹುರುಪೂ ಇದೆ, ಹೊಸ ನೆಲದ ಆಸೆಯೂ ಇದೆ.

ಎಲ್ಲ ಮೌನಗಳೂ ಹೀಗೆ ನಿರಪಾಯವಲ್ಲ. ಗರ್ಟ್ರೂಡ್ ಥಾಮಸ್‌ಳ ದಿನಚರಿಗೆ ಪ್ರಸ್ತಾವನೆ ಬರೆದ ನೆಲ್ ಇರ್ವಿನ್ ಪೇಂಟರ್ ಅವರು, ಒಡೆಯರಿಗೂ ಗುಲಾಮ ಹೆಂಗಸರಿಗೂ ಇದ್ದ ಲೈಂಗಿಕ ಸಂಬಂಧದ ವಿಚಾರ ಬಂದಾಗಲೆಲ್ಲ ಬರಹ ತಡವರಿಸಿ ಸುತ್ತುಬಳಸುವುದನ್ನು ಗುರುತಿಸಿ, ತನ್ನ ಮನೆಯದೇ ಸಂಗತಿಯನ್ನು ಆಕೆ ತನಗೆ ತಾನೇ ಹೇಳಿಕೊಳ್ಳಲಾರದೆ ಹೋದಳೆಂದು ಓದುತ್ತಾರೆ. ಇದು ಗೊತ್ತಿದ್ದೂ ಹೇಳದ ಮೌನ. ನೈಟ್‌ಳದು ಎಲ್ಲರಿಗೂ ಗೊತ್ತಿರುವುದರಿಂದ ಹೇಳದ ಮೌನ. ಒಗೆದವರು ಯಾರೆಂಬ ಮೌನ ಇವೆರಡಕ್ಕೂ ಸೇರದು. ಅದು ಹೇಳುವಂಥ ಸಂಗತಿಯೇ ಅಲ್ಲವೆಂದು ಬಿಟ್ಟದ್ದು. ವಿಮರ್ಶೆ ಮೊದಲನೆಯದನ್ನು ಉತ್ಸಾಹದಿಂದ ಬಗೆದಿದೆ, ಮೂರನೆಯದರ ಬಳಿ ಅಷ್ಟಾಗಿ ನಿಂತಿಲ್ಲ. ಗುಟ್ಟಿಗಿರುವ ಆಕರ್ಷಣೆ ಉದಾಸೀನಕ್ಕಿಲ್ಲ.

ಕ್ರಿಯಾಪದದ ಇನ್ನೊಂದು ಬದಿಯಿಂದ ಬರೆದವರೂ ಇದ್ದಾರೆ. ಫಿಲಡೆಲ್ಫಿಯಾದ ಎಮಿಲಿ ಡೇವಿಸ್ ಎಂಬ ಸ್ವತಂತ್ರ ಕಪ್ಪು ಯುವತಿ 1863, 1864, 1865ನೆಯ ವರ್ಷಗಳ ಮೂರು ಜೇಬು ದಿನಚರಿಗಳನ್ನು ಬಿಟ್ಟುಹೋಗಿದ್ದಾಳೆ. ಅವು ಪೆನ್ಸಿಲ್ವೇನಿಯಾ ಐತಿಹಾಸಿಕ ಸಂಘದಲ್ಲಿದ್ದು, 2014ರಲ್ಲಿ ಎರಡು ಪ್ರತ್ಯೇಕ ಸಂಪಾದನೆಗಳಾಗಿ ಬೆಳಕು ಕಂಡವು. ಹೊಲಿಗೆ ಮತ್ತು ಮನೆಗೆಲಸ ಆಕೆಯ ಜೀವನೋಪಾಯ. ಮೊದಲ ದಿನಚರಿ ಆರಂಭವಾಗುವುದೇ ಲಿಂಕನ್ನನ ವಿಮೋಚನಾ ಘೋಷಣೆ ಜಾರಿಗೆ ಬಂದ ದಿನ. ಕೊನೆಯದರಲ್ಲಿ ಅವನ ಪಾರ್ಥಿವ ಶರೀರ ಫಿಲಡೆಲ್ಫಿಯಾಕ್ಕೆ ಬಂದ ದಿನಗಳಿವೆ. ಈ ಎರಡರ ನಡುವೆ ಚರ್ಚು, ಉಪನ್ಯಾಸ, ಗೆಳತಿಯರ ಭೇಟಿ, ಬಾರದ ಕಾಗದ, ಹವೆ, ಹೊಲಿಗೆ. ಸಂಪಾದಕರೂ ವಿಮರ್ಶಕರೂ ಸಹಜವಾಗಿಯೇ ಆ ಎರಡು ಚಾರಿತ್ರಿಕ ದಿನಗಳಿಗೆ ಮುಗಿಬೀಳುತ್ತಾರೆ. ನಾವು ಗಮನಿಸಬೇಕೆನ್ನುವುದು ಬೇರೆ. ಗರ್ಟ್ರೂಡ್‌ಳ ಉಡುಪು ತಾನಾಗಿಯೇ ಸಿದ್ಧವಾಗುತ್ತಿದ್ದ ದೇಶದಲ್ಲಿಯೇ ಎಮಿಲಿ ಯಾರ ಮನೆಗೆ ಹೊಲಿಯಲು ಹೋದಳೆಂಬುದು ಎಮಿಲಿಯ ಪುಸ್ತಕದಲ್ಲಿದೆ. ಹೊಲಿಸಿಕೊಂಡವರ ಮನೆಯಲ್ಲಿ ದಿನಚರಿಯಿದ್ದಿದ್ದರೆ ಅಲ್ಲಿ ಆ ದಿನ ಯಾವ ಕ್ರಿಯಾಪದವಿರುತ್ತಿತ್ತೋ ಊಹಿಸಬಹುದು.

ಸಂಕ್ಷಿಪ್ತ ಆವೃತ್ತಿಗಳನ್ನೇ ನೆಚ್ಚಿಕೊಳ್ಳಬೇಕಾದ ನಮ್ಮಂಥವರಿಗೆ ಈ ಬಗೆಯ ಓದು ದುಸ್ತರವೆಂಬುದನ್ನು ಹೇಳಲೇಬೇಕು. ಸಂಪಾದಕರು ಮೊದಲು ಕತ್ತರಿಸುವುದು ಪುನರಾವರ್ತನೆಯನ್ನು. ಕರ್ತೃಪದದ ಪಲ್ಲಟ ಕಾಣುವುದು ಪುನರಾವರ್ತನೆಯಲ್ಲಿಯೇ. ಬಾಲರ್ಡ್ ದಿನಚರಿಯ ಪೂರ್ಣ ಪಾಠ 1992ರಲ್ಲಿ ಮುದ್ರಣಗೊಂಡು, ಅನಂತರ ಅಂತರ್ಜಾಲದಲ್ಲಿಯೂ ದೊರೆಯುವಂತಾದದ್ದು ದೊಡ್ಡ ಉಪಕಾರ. ಅಯೋವಾದ ಎಮಿಲಿ ಹಾಲೆ ಗಿಲೆಸ್ಪಿಯ ದಿನಚರಿಗೆ ಆ ಭಾಗ್ಯವಿಲ್ಲ. 1858ರಿಂದ 1888ರವರೆಗೆ ಬರೆದ ಸಾವಿರಾರು ಪುಟಗಳಿಂದ ಜೂಡಿ ನೋಲ್ಟ್ ಲೆನ್ಸಿಂಕ್ ಅವರು ಆಯ್ದು 1989ರಲ್ಲಿ ಪ್ರಕಟಿಸಿದ ಭಾಗವೇ ನಮಗೆ ಲಭ್ಯ. ಟರ್ಕಿ ಕೋಳಿ ಸಾಕಿ ಮಾರಿ, ಹೊಲಿಗೆ ಹೊಲಿದು ಮಕ್ಕಳ ಓದಿಗೆ ಹಣ ಕೂಡಿಸಿದ ಈ ರೈತಗಿತ್ತಿಯ ದಾಂಪತ್ಯ ಬರಬರುತ್ತ ಭಯದ ಬಾಳಾಯಿತು. ತನ್ನ ಪಾಡಿನ ಅತ್ಯಂತ ಕೆಟ್ಟ ಭಾಗವನ್ನು ಆಕೆ ಪುಸ್ತಕದಲ್ಲಿಯೂ ಹೇಳಲಿಲ್ಲ. ಹಾಗೆ ಹೇಳದಿರುವೆನೆಂಬುದನ್ನು ಮಾತ್ರ ಬರೆದಳು. ಕೊನೆಯ ದಿನಗಳಲ್ಲಿ ರೋಗದಿಂದ ಕೈ ಸೋತಾಗ ತಾಯಿ ಹೇಳುತ್ತ ಹೋದಳು, ಮಗಳು ಸಾರಾ ತಾಯಿಯ ಪುಸ್ತಕದಲ್ಲಿ ಬರೆಯುತ್ತ ಹೋದಳು. ಅದೇ ಕಾಲಕ್ಕೆ ಸಾರಾ ತನ್ನದೇ ದಿನಚರಿಯನ್ನೂ ಇಡುತ್ತಿದ್ದಳು. ಅದರ ಆಯ್ದ ಭಾಗವನ್ನು ಸುಜಾನ್ ಬಂಕರ್ಸ್ ಅವರು 1993ರಲ್ಲಿ ಹೊರತಂದರು. ಒಂದೇ ಮನೆಯ ಒಂದೇ ದಿನ ಎರಡು ಪುಸ್ತಕಗಳಲ್ಲಿ ಒಂದೇ ಕೈಬರಹದಲ್ಲಿ ಇರಬಲ್ಲದೆಂದಾಯಿತು. ತಾಯಿಯ ಪುಸ್ತಕದಲ್ಲಿ ಶುಶ್ರೂಷೆ ಪಡೆದವಳು 'ನಾನು', ಮಗಳ ಪುಸ್ತಕದಲ್ಲಿ ಶುಶ್ರೂಷೆ ಮಾಡಿದವಳು 'ನಾನು'. ಬರೆದವಳು ಎರಡು ಕಡೆಯೂ ಸಾರಾ. ಈ ಎರಡು ಸಂಪಾದನೆಗಳನ್ನು ಅಕ್ಕಪಕ್ಕ ಇಟ್ಟು, 1887-88ರ ನಮೂದುಗಳನ್ನು ತಾರೀಖುವಾರು ಹೊಂದಿಸಿ, ಅಡುಗೆ, ಒಗೆತ, ಔಷಧ, ರಾತ್ರಿಯ ಎಚ್ಚರ ಇವುಗಳ ಕ್ರಿಯಾಪದಗಳನ್ನಷ್ಟೇ ಪಟ್ಟಿಮಾಡಿ ನೋಡುವ ಕೆಲಸವನ್ನು ನಮ್ಮ ಸಂಶೋಧಕರಲ್ಲಿ ಯಾರಾದರೂ ಕೈಗೊಳ್ಳಬೇಕು. ಕನ್ನಡಕ್ಕೆ ತರುವಾಗ ತಾಯಿಯ ಪುಸ್ತಕದ ಆ ಕೊನೆಯ ಪುಟಗಳಲ್ಲಿ 'ಎದ್ದು ಕುಳಿತೆನು' ಎಂದು ಬರೆಯಬೇಕೋ 'ಎಬ್ಬಿಸಿ ಕೂರಿಸಿದಳು' ಎಂದು ಬರೆಯಬೇಕೋ ಎಂಬುದನ್ನು ಮಗಳ ಪುಸ್ತಕ ನೋಡದೆ ನಿರ್ಧರಿಸಲಾಗದು.